ಒಡಪು ಹೇಳಿಕೊಟ್ಟ ಹಣಮವ್ವ

ಅಂಕಲಗಿಯಲ್ಲಿ ಯಾರ ಮನೆಯಲ್ಲಿ ಬಸುರಿಯ ಕುಬುಸವಿರಲಿ, ಕೂಸಿನ ತೊಟ್ಟಿಲಿರಲಿ, ಹಣಮವ್ವನಿಗೆ ಎರಡು ಸಲ ಕರೆ ಬರುತ್ತಿತ್ತು. ಬೆಳಗಿನ ಜಾವದ ಕರೆ ಹೋಳಿಗೆ ಲಟ್ಟಿಸಲು ಕೈ ಬೇಕೆಂದು. ಮಧ್ಯಾಹ್ನದ ಕರೆ ಒಡಪು ಹೇಳಿಕೊಡಲು ಬಾಯಿ ಬೇಕೆಂದು. ಎರಡರ ನಡುವೆ ಮುಖ ತೊಳೆದು ಸೀರೆ ಬದಲಿಸಲು ಕಾಲು ಗಂಟೆ ಸಿಕ್ಕರೆ ಅದೇ ಹೆಚ್ಚು.

ಗಂಡನ ಹೆಸರನ್ನು ಹೆಂಡತಿ ಬರಿದಾಗಿ ಆಡಬಾರದು ಎಂಬುದು ಆ ಕಡೆಯ ನಡವಳಿಕೆ. ಆದರೆ ಶುಭಕಾರ್ಯದ ದಿನ ಆ ಹೆಸರು ಹೇಳಿಸಿಯೇ ತೀರಬೇಕೆಂಬ ಹಟ ಉಳಿದ ಹೆಂಗಸರಿಗೆ. ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎನ್ನುತ್ತಾರೆ. ಆಗ ಹೆಸರನ್ನು ಎರಡು ಸಾಲಿನ ಪ್ರಾಸದೊಳಗೆ ಸುತ್ತಿ ಹೇಳಬೇಕು. ಅದು ಒಡಪು. ಹೊಸ ಸೊಸೆಯಂದಿರಿಗೆ ಅಷ್ಟು ಜನರ ನಡುವೆ ನಾಲಿಗೆ ಏಳುವುದಿಲ್ಲ. ಹಣಮವ್ವ ಪಕ್ಕದಲ್ಲಿ ಕುಳಿತು ಮೊದಲು ತಾನೇ ಪೂರ್ತಿ ಹೇಳುವಳು, ಸೊಸೆ ಅದನ್ನೇ ತಿರುಗಿ ಹೇಳುವಳು. ಹೇಳಿಕೊಡುವಾಗ ಹಣಮವ್ವನ ಬಾಯಲ್ಲಿ ‘ನಾನು’ ಎಂದು ಬಂದರೆ ಆ ನಾನು ಹಣಮವ್ವ ಅಲ್ಲ, ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಅವಳು ಓದಿದ್ದು ಏಳನೆಯ ಇಯತ್ತೆ. ಆದರೆ ಒಡಪನ್ನು ಆಗಿಂದಾಗ ಕಟ್ಟುತ್ತಿದ್ದಳು. ಅದಕ್ಕೆ ಅವಳಿಗೆ ಮೂರು ವಿಷಯ ಗೊತ್ತಾಗಬೇಕು: ಗಂಡನ ಹೆಸರು, ಅವನ ಕೆಲಸ, ಅವನದೊಂದು ಕುಂದು. ಕುಂದನ್ನು ಹೆಂಗಸರು ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಅತ್ತೆ ಮಾವನ ಮುಂದೆ ಹೇಳಲಾಗದ ತಕರಾರು ಮಧ್ಯಾಹ್ನ ಪಡಸಾಲೆಯಲ್ಲಿ ಪ್ರಾಸವಾಗಿ ಹೊರಬೀಳುತ್ತಿತ್ತು, ಅತ್ತೆ ಮಾವ ಇಬ್ಬರೂ ನಗುತ್ತಿದ್ದರು. ಒಮ್ಮೆ ಮಾಲಿಂಗ ಎಂಬುವನ ಹೆಂಡತಿಗೆ ಅವಳು ಹೇಳಿಕೊಟ್ಟದ್ದನ್ನು ಊರು ಬಹಳ ದಿನ ಆಡಿಕೊಂಡಿತು. “ಒಲಿ ಮ್ಯಾಲ ಹಾಲ ಇಟ್ರ ಉಕ್ಕಿ ಬರತೈತಿ ನೊರಿ, ಮಾಲಿಂಗ ಅವರು ಉಂಡ ಗಂಗಾಳ ತಾವಾ ಎತ್ತೂದು ಯಾವಾಗರಿ?” ಮಾಲಿಂಗ ಮುಂದೆಯೂ ಗಂಗಾಳ ಎತ್ತಲಿಲ್ಲ. ಆದರೆ ಎತ್ತುವುದಿಲ್ಲ ಎಂಬುದು ನಾಲ್ಕು ಜನರ ಮುಂದೆ ಒಮ್ಮೆ ಹೇಳಿದ ಮಾತಾಯಿತು.

ಹಣಮವ್ವನ ಗಂಡ ಸೋಮಲಿಂಗ ಹಾಲಿನ ಗಾಡಿ ಓಡಿಸುತ್ತಾನೆ. ಬೆಳಿಗ್ಗೆ ಐದಕ್ಕೆ ಹೊರಟು ಹಳ್ಳಿಗಳಲ್ಲಿ ಕ್ಯಾನು ತುಂಬಿಕೊಂಡು ಹುಕ್ಕೇರಿ ಕಡೆಗೆ ಹೋಗುತ್ತಾನೆ. ಮನೆಯಲ್ಲಿ ಅತ್ತೆ ರಾಮವ್ವ, ಮೊಣಕಾಲು ಸೋತವಳು. ಮಗಳು ಮಾಲಾ ಹದಿನೇಳರವಳು, ಗೋಕಾಕದ ಕಾಲೇಜಿನಲ್ಲಿ ಎರಡನೆಯ ಪಿಯುಸಿ ವಿಜ್ಞಾನ. ಮಾಲಾ ಓದಬೇಕು ಎಂಬುದನ್ನು ಹಣಮವ್ವ ಎಂದೂ ವಾದ ಮಾಡಿ ಗೆದ್ದವಳಲ್ಲ. ನಾಲ್ಕಕ್ಕೆ ಎದ್ದು ನೀರು, ಕಸ, ಮುಸುರಿ, ರೊಟ್ಟಿ, ಗಂಡನ ಚಹಾ, ಅತ್ತೆಯ ಸ್ನಾನ ಎಲ್ಲ ಮುಗಿಸಿಬಿಡುತ್ತಿದ್ದಳು. ಏಳೂವರೆಗೆ ಮಾಡಲು ಕೆಲಸವೇ ಉಳಿದಿರುತ್ತಿರಲಿಲ್ಲವಾದ್ದರಿಂದ ಬೆಳೆದ ಹುಡುಗಿ ಕೆಲಸ ಮಾಡದೆ ಏಳು ಐವತ್ತರ ಬಸ್ಸಿಗೆ ಹೋಗುತ್ತಾಳೆ ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ರಾಧಿಕಾಳ ಕುಬುಸ ಡಿಸೆಂಬರ್ ಮೊದಲ ವಾರದಲ್ಲಿ, ಹಣಮವ್ವನ ಓಣಿಯಲ್ಲೇ ಇದ್ದ ಅವಳ ಗಂಡನ ಮನೆಯಲ್ಲಿ ನಡೆಯಿತು. ಐದು ಕಿಲೊ ಬೇಳೆಯ ಹೂರಣ. ಹಣಮವ್ವನೂ ಇನ್ನೂ ಮೂವರೂ ಕತ್ತಲಿರುವಾಗಲೇ ಕುಳಿತಿದ್ದರು. ಏಳು ತಿಂಗಳ ಬಸುರಿ ರಾಧಿಕಾ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದಳು. ಹಣಮವ್ವ ಲಟ್ಟಣಿಗೆ ನಿಲ್ಲಿಸದೆ, ಅವಳ ಗಂಡ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದಳು.

“ಹಿಡಕಲ್ ಡ್ಯಾಮಿನಾಗ ಅದಾರಿ ಯಕ್ಕಾ. ಗೇಟಿನ ಕಡೆ.”

“ಕುಂದ ಹೇಳ.”

ರಾಧಿಕಾ ಬಾಗಿಲ ಕಡೆ ನೋಡಿದಳು. “ಬರೂದು ಭಾಳ ಲೇಟರಿ. ಅನ್ನ ಆರಿ ಕಲ್ಲ ಆಗಿರತೈತಿ. ನಾ ಉಣದ ಕುಂತಿರತೇನಿ.”

“ಸಾಕ ಬಿಡ, ಇಷ್ಟ ಸಾಕು.”

ಮಧ್ಯಾಹ್ನ ಹಸಿರು ಬಳೆ ತೊಡಿಸಿ ಉಡಿ ತುಂಬಿದ ಮೇಲೆ ಹೆಂಗಸರು ಹೆಸರು ಹೆಸರು ಎಂದು ಶುರುಮಾಡಿದರು. ಇಪ್ಪತ್ತೆರಡು ಜನ ಇದ್ದರು. ಕುಬುಸ ಹೊಲಿದುಕೊಟ್ಟ ರಶೀದಾಬಿಯೂ ಗೋಡೆಗೆ ಒರಗಿ ಕುಳಿತಿದ್ದಳು. ರಾಧಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು. ಹಣಮವ್ವ ಅವಳ ಭುಜ ತಟ್ಟಿ, ಗಂಟಲು ಸರಿಮಾಡಿಕೊಂಡು, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು:

“ಕಾಲವಿಗೆ ನೀರ ಬಿಡಾಕ ಹಿಡಕಲ್ಲಿನಾಗ ಎತ್ತತಾರ ಗೇಟ, ಶಿವಪುತ್ರ ಅವರು ನಮ್ಮನಿಗೆ ಬರೂದು ದಿನಾ ಲೇಟ.”

ಚಪ್ಪಾಳೆ ಬಿತ್ತು. ರಾಧಿಕಾಳ ಅತ್ತೆಯೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಆಮೇಲೆ ರಾಧಿಕಾ ಅದನ್ನೇ ನೆಲ ನೋಡುತ್ತ ಹೇಳಿದಳು, ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಮೂಡಲಗಿಯಿಂದ ಬಂದಿದ್ದ ಅವಳ ಚಿಕ್ಕಪ್ಪನ ಮಗಳು ಎರಡನ್ನೂ ಮೊಬೈಲಿನಲ್ಲಿ ಹಿಡಿದು ಸಂಜೆ ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಳು. ಅದು ನಲವತ್ತು ಸೆಕೆಂಡಿನದು.

ಅದನ್ನು ಯಾರೋ ಇಳಿಸಿಕೊಂಡರು, ರಾಧಿಕಾಳ ಭಾಗ ಕತ್ತರಿಸಿದರು, ಹಣಮವ್ವ ಒಬ್ಬಳೇ ಹೇಳುವ ಭಾಗ ಉಳಿಸಿಕೊಂಡರು. ಹಿಂದೆ ಒಂದು ಪ್ರೇಮದ ಹಾಡು ಸೇರಿಸಿ, ಎಲ್ಲರಿಗೂ ಕಾಣುವಂತೆ ರೀಲ್ ಮಾಡಿ ಹಾಕಿದರು. ಕೆಳಗೆ ಬರೆದರು: ‘ಗಂಡ ಹಾಲಿನ ಗಾಡ್ಯಾಗ, ಗೇಟಿನಾಂವ ಮನ್ಯಾಗ.’ ಬರೆದವರಿಗೆ ಸೋಮಲಿಂಗನ ಕೆಲಸ ಗೊತ್ತಿತ್ತು. ಪ್ರಾಸ ಹಾಕುವುದೂ ಗೊತ್ತಿತ್ತು. ಅಂದರೆ ಅವರು ಊರಿನವರೇ, ಒಡಪು ಕೇಳಿ ಬೆಳೆದವರೇ. ತಿಳಿಯದೆ ಮಾಡಿದ್ದಲ್ಲ ಅದು.

ಹಣಮವ್ವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವಳಿಗೆ ವಿಷಯ ತಿಳಿದದ್ದು ನಾಲ್ಕನೆಯ ದಿನ, ಜೋಳ ಬೀಸಿಸಲು ಗಿರಣಿಗೆ ಹೋದಾಗ. ಗಿರಣಿಯವನು ಹಿಟ್ಟಿನ ಚೀಲ ಹಿಡಿಯುತ್ತ, “ಏನಕ್ಕಾ, ಇವತ್ತ ಗೇಟ ತಗದಿತ್ತೇನ?” ಎಂದ. ಇವನು ತಮ್ಮ ಮನೆಯ ಗೇಟಿನ ಮಾತಾಡುತ್ತಿದ್ದಾನೆ ಎಂದುಕೊಂಡ ಹಣಮವ್ವ, ನಮ್ಮ ಮನೆಗೆ ಗೇಟಿಲ್ಲಪ್ಪ, ಬಾಗಿಲೊಂದೇ, ಅದು ಯಾವಾಗಲೂ ತೆರೆದೇ ಇರುತ್ತದೆ ಎಂದಳು. ಗಿರಣಿಯಲ್ಲಿದ್ದವರೆಲ್ಲ ನಕ್ಕರು. ಹೆಂಗಸರೂ ನಕ್ಕರು. ಬಿಸಿ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ಬಂದು ಅವಳು ಮಾಲಾಳನ್ನು ಕೇಳಿದಳು, ನಾನು ಹೇಳಿದ್ದರಲ್ಲಿ ನಗುವಂಥದ್ದೇನಿತ್ತು ಎಂದು. ಮಾಲಾ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ಅದನ್ನು ಎರಡು ದಿನದ ಹಿಂದೆಯೇ ಕಾಲೇಜಿನಲ್ಲಿ, ಗೆಳತಿಯೊಬ್ಬಳ ಮೊಬೈಲಿನಲ್ಲಿ ನೋಡಿದ್ದಳು. ಅಷ್ಟೊತ್ತಿಗೆ ಅದನ್ನು ಎಂಬತ್ತು ಸಾವಿರ ಜನ ನೋಡಿದ್ದರು.

ಮಗಳ ಮೊಬೈಲಿನಲ್ಲಿ ಹಣಮವ್ವ ತನ್ನನ್ನು ತಾನು ನೋಡಿದಳು. ಹಿಂದೆ ಹೋಳಿಗೆಯ ಬುಟ್ಟಿ ಕಾಣುತ್ತಿತ್ತು, ತೋಳಿಗೆ ಹಿಟ್ಟು ಹತ್ತಿತ್ತು. ಏಳು ತಾಸು ಕೂತು ಎದ್ದ ಸೊಂಟವನ್ನು ಒಂದು ಕೈಯಿಂದ ಹಿಡಿದುಕೊಂಡಿದ್ದಳು. ಕಾಮೆಂಟಿನಲ್ಲಿ ಒಬ್ಬ, ಸೊಂಟದ ಮೇಲೆ ಕೈಯಿಟ್ಟ ಠೀವಿ ನೋಡಿ ಎಂದು ಬರೆದಿದ್ದ.

ಮಧ್ಯಾಹ್ನ ಸೋಮಲಿಂಗ ಬಂದ. ಗೋಕಾಕದಲ್ಲಿ ಪೈಪಿನ ಅಂಗಡಿ ಇಟ್ಟಿರುವ ಅವನ ಅಣ್ಣ ಮುರಿಗೆಪ್ಪ, ಮನೆತನದ ಗ್ರೂಪಿಗೆ ವಿಡಿಯೊ ಹಾಕಿ, ‘ಇದೇನು?’ ಎಂದು ಕೇಳಿದ್ದ. ಸೋಮಲಿಂಗ ಮೊಬೈಲನ್ನು ಗಂಗಾಳದ ಪಕ್ಕ ಇಟ್ಟು ಊಟಕ್ಕೆ ಕುಳಿತ.

“ನನಗ ಗೊತ್ತೈತಿ ಅದು ಒಡಪು ಅಂತ,” ಎಂದ.

“ನಿಮಗ ಗೊತ್ತಿದ್ದ ಮ್ಯಾಲ ಮುಗೀತಲ್ರಿ.”

“ನನಗ ಗೊತ್ತಿದ್ರ ಏನಾತು? ಡೇರಿಯಾಗ ನಿಂತಾವ್ರಿಗೆ ಒಬ್ಬೊಬ್ಬರಿಗೆ ಹೇಳ್ಕೋತ ಹೋಗ್ಲೇನ?”

“ಹೋಗ್ರಿ. ಹೇಳ್ರಿ.”

ಅವನು ಇನ್ನೆರಡು ರೊಟ್ಟಿ ಕೇಳಿ ಹಾಕಿಸಿಕೊಂಡ.

ನಿರ್ಧಾರ ಬಂದದ್ದು ಗೋಕಾಕದಿಂದ, ಫೋನಿನಲ್ಲಿ. ಗದ್ದಲ ತಣ್ಣಗಾಗುವವರೆಗೆ ಆಕೆ ತವರಿನಲ್ಲಿರಲಿ ಎಂದು ಮುರಿಗೆಪ್ಪ ಹೇಳಿದ. ಹಣಮವ್ವ ಅಳಲಿಲ್ಲ, ರೊಟ್ಟಿಗೆ ಕುಳಿತಳು. ನಾಲ್ಕು ದಿನಕ್ಕಾಗುವಷ್ಟು ಕಟಕ ರೊಟ್ಟಿ ತಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿಟ್ಟಳು. ಅತ್ತೆಯ ಗುಳಿಗೆಗಳನ್ನು ಮಾಲಾಳಿಗೆ ತೋರಿಸಿದಳು. ಏನೇ ಆದರೂ ಬಸ್ಸು ತಪ್ಪಿಸಬೇಡ ಎಂದಳು. ಮರುದಿನ ಬೆಳಿಗ್ಗೆ ಹಾಲಿನ ಗಾಡಿಯಲ್ಲಿ, ಕ್ಯಾನುಗಳ ನಡುವೆ ಕುಳಿತು ತವರಿಗೆ ಹೋದಳು. ತವರು ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ಲಿಗೆ ಹತ್ತಿರದ ಹಳ್ಳಿ. ಎರಡು ದಿನಕ್ಕೆ ಆ ಸುದ್ದಿಯೂ ಕಾಮೆಂಟುಗಳಲ್ಲಿ ಬಂತು: ಅವಳ ತವರು ಡ್ಯಾಮಿನ ಹತ್ತಿರ, ಅವನ ಕೆಲಸ ಡ್ಯಾಮಿನಲ್ಲಿ. ಎರಡೂ ಮಾತು ನಿಜ. ಎರಡನ್ನೂ ಸೇರಿಸಿ ಹೊಲಿದದ್ದು ಸುಳ್ಳು.

ಅಣ್ಣ ಉದ್ದಪ್ಪ ಒಂದು ಮಾತೂ ಕೇಳಲಿಲ್ಲ, ಮುಖ ಕೊಟ್ಟು ಮಾತಾಡಲೂ ಇಲ್ಲ. ತವರಿಗೆ ಬಂದವಳು ಮೊದಲ ದಿನ ಕೈಕಟ್ಟಿ ಕುಳಿತಿದ್ದಳು, ಎರಡನೆಯ ದಿನ ವೈನಿಯ, ಅಣ್ಣನ ಹೆಂಡತಿಯ, ಒಲೆಯ ಮುಂದಿದ್ದಳು.

ಆ ವಾರ ಬುಧವಾರ ಹನ್ನೊಂದು ಗಂಟೆಗೆ ಮಾಲಾಳ ಫೋನು ಬಂತು. ಆಯಿಗೆ, ಅಂದರೆ ಅಜ್ಜಿಗೆ, ಕೆಂಪು ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದಳು. ಹಣಮವ್ವ ಹೇಳಿದಳು. ಹನ್ನೆರಡಕ್ಕೆ ಮತ್ತೆ ಬಂತು, ಹಿಟ್ಟು ನಾದಿದರೆ ಬಿರಿಯುತ್ತಿದೆ, ನೀರು ಬಿಸಿ ಎಷ್ಟಿರಬೇಕು ಎಂದು. ಅದನ್ನೂ ಹೇಳಿದ ಮೇಲೆ ಹಣಮವ್ವನಿಗೆ ಹೊತ್ತಿನ ಅರಿವಾಯಿತು.

“ಇವತ್ತ ಕಾಲೇಜ ಸೂಟಿ ಐತೇನ?”

“ಇಲ್ಲವಾ.”

“ಎಷ್ಟ ದಿನಾ ಆತು?”

“ಸೋಮವಾರದಿಂದ ಹೋಗಿಲ್ಲವಾ. ಆಯಿಗೆ ಏಳಾಕ ಆಗಾಂಗಿಲ್ಲ. ಅಪ್ಪಾಗ ಚಾ ಬೇಕು. ಇಷ್ಟ ಮಾಡೂದ್ರಾಗ ಬಸ್ ಹೋಗೇ ಬಿಡತೈತಿ.”

ಕಾಲೇಜು ಬಿಡು ಎಂದು ಮಾಲಾಳಿಗೆ ಯಾರೂ ಹೇಳಿರಲಿಲ್ಲ. ಸೋಮಲಿಂಗ ಹೇಳಿರಲಿಲ್ಲ, ರಾಮವ್ವ ಹೇಳಿರಲಿಲ್ಲ. ಒಲೆಯ ಮುಂದೆ ಒಂದು ಜಾಗ ಖಾಲಿಯಾಗಿತ್ತು, ಮನೆಯಲ್ಲಿ ಉಳಿದ ಹೆಣ್ಣುಮಗಳು ಅಲ್ಲಿ ಹೋಗಿ ಕುಳಿತಿದ್ದಳು, ಅಷ್ಟೇ. ಮೂರು ವಾರಕ್ಕೆ ಪ್ರ್ಯಾಕ್ಟಿಕಲ್ ಪರೀಕ್ಷೆ ಇತ್ತು. ಹಾಜರಿ ಕಡಿಮೆ ಬಿದ್ದರೆ ಕೂರಿಸುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಮಾಲಾ ಹೇಳಿದ್ದು ಬೇರೆ ಯಾರದೋ ವಿಷಯ ಹೇಳುವ ದನಿಯಲ್ಲಿ. ಇನ್ನೊಂದು ಮಾತನ್ನೂ ಹೇಳಿದಳು. ಗೋಕಾಕದ ದೊಡ್ಡವ್ವ, ಮುರಿಗೆಪ್ಪನ ಹೆಂಡತಿ, ಬಂದು ಹೋಗಿದ್ದಳಂತೆ. ಹುಡುಗಿ ಕೈಗೆ ಬಂದಿದ್ದಾಳೆ, ಮೂಡಲಗಿಯಲ್ಲಿ ಒಂದು ವರ ಇದೆ, ಹೆಸರು ಇನ್ನೂ ಕೆಡುವುದರೊಳಗೆ ಮುಗಿಸೋಣ ಎಂದಳಂತೆ.

ಅಂದಿನಿಂದ ಹಣಮವ್ವನಿಗೆ ವಿಡಿಯೊದ ಚಿಂತೆ ಹಿಂದಾಯಿತು. ಪ್ರ್ಯಾಕ್ಟಿಕಲ್ಲಿಗೆ ಮೊದಲು ತಾನು ಮನೆ ಸೇರಬೇಕು, ಒಲೆಯ ಮುಂದಿನ ಆ ಜಾಗದಲ್ಲಿ ತಾನು ಕುಳಿತರೆ ಮಾತ್ರ ಮಾಲಾ ಎದ್ದು ಹೋಗಬಹುದು.

ಅವಳು ರಾಧಿಕಾಳಿಗೆ ಫೋನು ಮಾಡಿದಳು, ಅದು ಬಂದಾಗಿತ್ತು; ರಾಧಿಕಾಳ ಅತ್ತೆಯ ನಂಬರಿಗೆ ಮಾಡಿ ಕರೆಸಿದಳು. ರಾಧಿಕಾ ತಾನೇ ಮೊದಲು ಅತ್ತಳು. ವಿಡಿಯೊದ ಕೆಳಗೆ ಅವಳು ಒಂದು ಕಾಮೆಂಟು ಬರೆದಿದ್ದಳಂತೆ: ‘ಇದು ಒಡಪು, ನನ್ನ ಕುಬುಸದಲ್ಲಿ ನನಗೆ ಹೇಳಿಕೊಟ್ಟದ್ದು, ಶಿವಪುತ್ರ ನನ್ನ ಗಂಡ.’ ಅರ್ಧ ಗಂಟೆಯಲ್ಲಿ ಅದಕ್ಕೆ ಇನ್ನೂರು ಉತ್ತರ ಬಂದವು. ಹೊಟ್ಟೆಯಲ್ಲಿರುವುದು ಯಾರದು ಎಂದು ಕೇಳಿದವರೂ ಇದ್ದರು. ಶಿವಪುತ್ರ ಆ ರಾತ್ರಿ ಬೇಗ ಮನೆಗೆ ಬಂದು, ಕಾಮೆಂಟು ಅಳಿಸಿ, ಹೆಂಡತಿಯ ಮೊಬೈಲನ್ನು ತಾನೇ ಇಟ್ಟುಕೊಂಡನಂತೆ. ಈಗ ಮಾತಾಡುತ್ತಿರುವುದು ಅತ್ತೆಯ ಫೋನಿನಿಂದ, ಬಚ್ಚಲಲ್ಲಿ ನಿಂತು ಎಂದು ಹೇಳಿ ರಾಧಿಕಾ ಇಟ್ಟುಬಿಟ್ಟಳು.

ರಶೀದಾಬಿ ಯಾರೂ ಕರೆಯದೆ ಸೋಮಲಿಂಗನ ಮನೆಗೆ ಹೋದಳು. ಸೋಮಲಿಂಗ ಗಾಡಿಯ ಗಾಲಿ ಒರೆಸುತ್ತಿದ್ದ. ರಾಮವ್ವ ಅವಳನ್ನು ಕೂರಿಸಿ ಮಾಲಾಳಿಂದ ಚಹಾ ಮಾಡಿಸಿ ಕೊಟ್ಟಳು. ರಶೀದಾಬಿ ತಾನು ಕಣ್ಣಾರೆ ಕಂಡದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿಯುವವರೆಗೆ ರಾಮವ್ವ ತಾಳ್ಮೆಯಿಂದ ಕೇಳಿದಳು.

“ನಮಗೂ ಗೊತ್ತೈತೆವಾ ರಶೀದಾ,” ಎಂದಳು ರಾಮವ್ವ. “ನಮ್ಮ ಹಣಮಿ ಅಂತಾಕಿ ಅಲ್ಲ ಅಂತ ನಾನೂ ಹೇಳ್ತೇನಿ.”

“ಹೇಳ್ರಿ ಮತ್ತ ಕಾಕು. ಹೊರಗ ನಿಂತ ಹೇಳ್ರಿ.”

“ಯಾರ ಮುಂದ ಹೇಳೂದು? ಅಂದಾವ್ರು ಯಾರೂ ನನ್ನ ಮನಿ ಮುಂದ ಇಲ್ಲಲ್ಲ.”

ರಶೀದಾಬಿ ಚಹಾದ ಬಟ್ಟಲು ಕೆಳಗಿಟ್ಟು ಎದ್ದಳು. ಮೊದಲಾದರೆ ಕೆಟ್ಟ ಮಾತು ಆಡಿದವಳ ಬಾಗಿಲಿಗೆ ಹೋಗಿ ನಿಂತು ಕೇಳಬಹುದಿತ್ತು, ಬೈಯಬಹುದಿತ್ತು, ನಾಲ್ಕು ಹೆಂಗಸರು ಸೇರಿ ಬಿಡಿಸಬಹುದಿತ್ತು. ಈಗ ಒಡಪು ಕೇಳಿದ ಇಪ್ಪತ್ತೆರಡು ಜನರಿಗೆ ಖರೆ ಗೊತ್ತಿತ್ತು, ಕೇಳದ ಲಕ್ಷ ಜನ ಅದರ ಅರ್ಥ ಹೇಳುತ್ತಿದ್ದರು.

ಎರಡನೆಯ ಭಾನುವಾರ ಮುರಿಗೆಪ್ಪನೂ ಸೋಮಲಿಂಗನೂ ತವರಿಗೆ ಬಂದರು. ಮುರಿಗೆಪ್ಪ ಮೊಬೈಲು ನಿಲ್ಲಿಸುವ ಮೂರು ಕಾಲಿನ ಕಡ್ಡಿ ತಂದಿದ್ದ. ವಿಡಿಯೊದಿಂದ ಆದದ್ದನ್ನು ವಿಡಿಯೊದಿಂದಲೇ ತೊಳೆಯಬೇಕು ಎಂದು ಉದ್ದಪ್ಪನಿಗೆ ತಿಳಿಸಿ ಹೇಳಿದ. ಹಣಮವ್ವ ಮೊಬೈಲಿನ ಮುಂದೆ ಕುಳಿತು, ನನ್ನ ಗಂಡನ ಹೆಸರು ಸೋಮಲಿಂಗ, ನನಗೂ ಬೇರೆಯವರಿಗೂ ಸಂಬಂಧವಿಲ್ಲ ಎಂದು ಹೇಳಬೇಕು. ಹೇಳಿದರೆ ಅಂದೇ ಕರೆದುಕೊಂಡು ಹೋಗುವುದು.

ಬಾಗಿಲ ಮರೆಯಲ್ಲಿ ನಿಂತಿದ್ದ ಹಣಮವ್ವ, “ಒಡಪಿನಾಗ ಹೇಳ್ತೇನ್ರಿ ಭಾವಾರ,” ಎಂದಳು.

“ಒಡಪಿನಿಂದ ಆಗಿದ್ದ ಸಾಕು. ಸೀದಾ ಹೆಸರ ಹೇಳ.”

ಮದುವೆಯಾಗಿ ಹತ್ತೊಂಬತ್ತು ವರ್ಷ. ಅವಳು ಆ ಹೆಸರನ್ನು ಬರಿದಾಗಿ ಒಮ್ಮೆಯೂ ಆಡಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡು ತೋರಿಸುತ್ತಿದ್ದಳು. ಹೆರಿಗೆಯ ದಿನ, ನೋವಿನ ನಡುವೆ ನರ್ಸು ಗಂಡನ ಹೆಸರು ಕೇಳಿದಾಗ, ಕೈಯಿಂದ ಅತ್ತೆಯ ಕಡೆ ತೋರಿಸಿದ್ದಳು. ಅದು ಭಕ್ತಿಯೂ ಅಲ್ಲ, ಹೆದರಿಕೆಯೂ ಅಲ್ಲ. ಬೀದಿಗೆ ಬರುವಾಗ ಸೆರಗು ಸರಿಮಾಡಿಕೊಳ್ಳುವ ಹಾಗೆ ಒಂದು ರೂಢಿ. ಅದನ್ನು ಬಿಡು ಎಂದು ಇಂದು ಹೇಳುತ್ತಿದ್ದವರು ಅದನ್ನು ಕಲಿಸಿದ ಮನೆಯವರೇ.

ಅವಳು ಗಂಡನ ಕಡೆ ನೋಡಿ ಕೇಳಿದ್ದು ಒಂದೇ ಮಾತು.

“ನಾಳೆ ಮಾಲಾ ಕಾಲೇಜಿಗೆ ಹೋಗ್ತಾಳೇನ್ರಿ?”

ಸೋಮಲಿಂಗ ಹೂಂ ಎಂದ. ಹಣಮವ್ವ ಬಂದು ಚಾಪೆಯ ಮೇಲೆ ಕುಳಿತಳು.

ಐದು ಸಲ ಹಿಡಿದರು. ಮೊದಲ ಸಲ ‘ನನ್ನ ಗಂಡನ ಹೆಸರು’ ಎಂಬಲ್ಲಿಗೆ ಅವಳ ಬಾಯಿ ನಿಂತುಹೋಯಿತು. ಎರಡನೆಯ ಸಲ ಕಣ್ಣು ತುಂಬಿದವು. ಅಳಬೇಡ, ಅತ್ತರೆ ತಪ್ಪು ಮಾಡಿದಂತೆ ಕಾಣುತ್ತದೆ ಎಂದು ಮುರಿಗೆಪ್ಪ ಹೇಳಿದ. ಮೂರನೆಯ ಸಲ ಮುಖ ಗಟ್ಟಿಮಾಡಿಕೊಂಡಳು. ಹಾಗೆ ಬಿಗಿಯಬೇಡ, ಸೊಕ್ಕು ಕಾಣುತ್ತದೆ ಎಂದ. ಸೆರಗು ತಲೆಯ ಮೇಲೆ ಬರಲಿ ಎಂದ. ತಾಳಿ ಕಾಣಲಿ ಎಂದ. ನಾಲ್ಕನೆಯ ಸಲ ಒಳಗಿನಿಂದ ವೈನಿಯ ಮಿಕ್ಸರ್ ಸದ್ದು ಬಂತು, ಬಂದವರಿಗಾಗಿ ಅವಳು ಮಸಾಲೆ ಅರೆಯುತ್ತಿದ್ದಳು. ಐದನೆಯ ಸಲ ಹಣಮವ್ವ ಎಲ್ಲೂ ನೋಡದೆ ಹೇಳಿದಳು.

“ನನ್ನ ಗಂಡನ ಹೆಸರು ಸೋಮಲಿಂಗ.”

ಬಾಗಿಲಲ್ಲಿ ನಿಂತಿದ್ದ ಸೋಮಲಿಂಗ ಯಾರೋ ಹಿಂದಿನಿಂದ ಕರೆದ ಹಾಗೆ ಅಂಗಳದ ಕಡೆ ತಿರುಗಿದ. ಊಟ ಮುಗಿಯುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ಹಣಮವ್ವ ಅಂಕಲಗಿಗೆ ಬಂದಳು. ಮಾಲಾಳ ಬೆರಳಿನಲ್ಲಿ ಹಂಚು ಸುಟ್ಟ ಗುರುತು ಎರಡಿದ್ದವು. ಮುಸುರಿಗೆ ಕೈಹಾಕಲು ಬಂದ ಮಗಳನ್ನು ಹಣಮವ್ವ ಪುಸ್ತಕದ ಕಡೆ ದಬ್ಬಿದಳು. ಸೋಮವಾರ ನಾಲ್ಕಕ್ಕೆ ಎದ್ದಳು, ಎಲ್ಲ ಮುಗಿಸಿದಳು, ಡಬ್ಬಿ ಕಟ್ಟಿದಳು. ಮಾಲಾ ಏಳು ಐವತ್ತರ ಬಸ್ಸಿಗೆ ಹೋದಳು. ಹನ್ನೊಂದಕ್ಕೇ ತಿರುಗಿ ಬಂದಳು.

ಮುರಿಗೆಪ್ಪ ಹಾಕಿದ ವಿಡಿಯೊವನ್ನು ಜನ ಹಳೆಯದರ ಪಕ್ಕಕ್ಕೆ ಜೋಡಿಸಿದ್ದರು. ಎಡಗಡೆ ಹಣಮವ್ವ ನಗುತ್ತ ಶಿವಪುತ್ರ ಎನ್ನುತ್ತಿದ್ದಳು, ಬಲಗಡೆ ಹಣಮವ್ವ ಸತ್ತ ಮುಖದಲ್ಲಿ ಸೋಮಲಿಂಗ ಎನ್ನುತ್ತಿದ್ದಳು. ಯಾರ ಹೆಸರು ಹೇಳುವಾಗ ಮುಖ ಅರಳಿದೆ, ನೀವೇ ಹೇಳಿ ಎಂದು ಕೆಳಗೆ ಬರೆದಿತ್ತು. ಏನೂ ಇಲ್ಲದಿದ್ದರೆ ಈ ಎರಡನೆಯ ವಿಡಿಯೊ ಮಾಡಿಸುತ್ತಿದ್ದರೇಕೆ ಎಂದು ತಿಳಿದವರಂತೆ ಕೇಳಿದವರೂ ಇದ್ದರು. ಬಸ್ಸಿನಲ್ಲಿ ಮಾಲಾ ಹತ್ತುತ್ತಲೇ ಹಿಂದಿನ ಸೀಟಿನಿಂದ ಯಾರೋ ‘ಗೇಟ’ ಎಂದರು, ಇನ್ಯಾರೋ ‘ಲೇಟ’ ಎಂದರು. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಮಾಲಾ ಸೋಮಲಿಂಗ ಎಂಬ ಹೆಸರು ಬಂದಾಗ ಹುಡುಗಿಯರ ಬೆಂಚೂ ನಕ್ಕಿತು.

ಇನ್ನು ಹೋಗುವುದಿಲ್ಲ ಎಂದಳು ಮಾಲಾ. ಹಣಮವ್ವ ಬೈಯಲಿಲ್ಲ. ಮಂಗಳವಾರ ನಾಲ್ಕಕ್ಕೆ ಬದಲು ಮೂರೂವರೆಗೆ ಎದ್ದಳು. ಏಳೂವರೆಗೆ ತಾನೂ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತಳು. ಹೆಂಗಸರು ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಮಗಳನ್ನು ಕಿಟಕಿಗೆ ಕೂರಿಸಿ ತಾನು ಈಚೆ ಕುಳಿತು ಗೋಕಾಕದವರೆಗೆ ಹೋದಳು, ಕಾಲೇಜಿನ ಬಾಗಿಲಿನಲ್ಲಿ ಬಿಟ್ಟು, ಹತ್ತಕ್ಕೆ ಮನೆಗೆ ಬಂದು ಅತ್ತೆಗೆ ನೀರು ಕಾಯಿಸಿದಳು. ಸೊಸೆ ಬೆಳಿಗ್ಗೆಬೆಳಿಗ್ಗೆ ಊರು ಸುತ್ತುವುದು ಬೇಕಿತ್ತೇ ಎಂದು ರಾಮವ್ವ ಗೊಣಗಿದಳು. ಸೋಮಲಿಂಗ ಏನೂ ಅನ್ನಲಿಲ್ಲ, ಅವನ ಚಹಾ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

ಹಣಮವ್ವ ಪಕ್ಕದಲ್ಲಿದ್ದಾಗ ಹಿಂದಿನ ಸೀಟಿನವರು ಏನೂ ಅನ್ನುತ್ತಿರಲಿಲ್ಲ. ಗುರುವಾರ ಮಾತ್ರ ನಡುವಿನ ಸೀಟಿನಿಂದ ಅವಳದೇ ದನಿ ಕೇಳಿಬಂತು, ಹಾಡಿನ ಸಮೇತ. ಅವಳು ತಿರುಗಿ ನೋಡಿದಳು. ತಲೆ ನರೆತ ಒಬ್ಬ ಗೃಹಸ್ಥ, ಮಡಿಲಲ್ಲಿ ಕಾಯಿಪಲ್ಯೆಯ ಚೀಲ, ಮೊಬೈಲು ದೂರ ಹಿಡಿದುಕೊಂಡು ನೋಡುತ್ತಿದ್ದ. ಅವನು ಬೇಕೆಂದು ಹಾಕಿದ್ದಲ್ಲ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುವ ಹಾಗೆ ಅದು ಬಂದಿತ್ತು. ಅವನು ಹಣಮವ್ವನನ್ನು ನೋಡಿದ, ಗುರುತು ಹಿಡಿಯಲಿಲ್ಲ, ಅಮ್ಮನವರಿಗೆ ಸದ್ದಿನಿಂದ ತೊಂದರೆಯಾಯಿತೆಂದು ತಿಳಿದು ಸ್ವಲ್ಪ ಸಣ್ಣ ಮಾಡಿದ. ಮಾಲಾ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತಿದ್ದಳು.

ಶುಕ್ರವಾರ ಕಾಲೇಜಿನ ಬಾಗಿಲಿನಲ್ಲಿ ಮಾಲಾ ಒಳಗೆ ಹೋಗದೆ ನಿಂತಳು. ಓಡಾಡುವ ಹುಡುಗಿಯರು ಇಬ್ಬರನ್ನೂ ನೋಡುತ್ತಿದ್ದರು.

“ಯವ್ವಾ, ನಾಳಿಂದ ನೀ ಬರಬ್ಯಾಡ.”

“ಯಾಕ? ಯಾರರ ಏನರ ಅಂದ್ರೇನ?”

“ನಾ ಒಬ್ಬಾಕಿನಾ ಮುಖಕ್ಕ ಓಡ್ನಿ ಕಟ್ಟಕೊಂಡ ಬಂದ್ರ ಯಾರಿಗೂ ತಿಳಿಯಾಂಗಿಲ್ಲ.” ಮಾಲಾ ಚೀಲದ ಪಟ್ಟಿಯನ್ನು ಬಿಗಿಮಾಡಿಕೊಂಡಳು. “ನಿನ್ನ ನೋಡೇ ನನ್ನ ಗುರುತ ಹಿಡೀತಾರ.”

ಹಣಮವ್ವ ಮಗಳ ಸುಟ್ಟ ಬೆರಳು ನೋಡಿದಳು.

“ನಾ ಬರದಿದ್ರ ನೀ ಬರತಿ ಹೌದಿಲ್ಲೊ? ಪ್ರ್ಯಾಕ್ಟಿಕಲ್ ಬರಿತಿ?”

“ಬರತೇನಿ.”

“ಹಂಗಾರ ಆತು.”

ಅಂದು ಅವಳು ಬಸ್ಸಿಗೆ ನಿಲ್ಲದೆ ಒಂದು ಗಂಟೆ ಗೋಕಾಕದ ರಸ್ತೆಗಳಲ್ಲಿ ನಡೆದಳು, ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮನೆಗೆ ಬಂದಾಗ ಹನ್ನೊಂದೂವರೆ ಆಗಿತ್ತು. ರಾಮವ್ವ ಹಸಿದು ಕುಳಿತಿದ್ದಳು, ತಡವೇಕೆ ಎಂದು ಕೇಳಿದಳು. ಹಣಮವ್ವ ಕೈತೊಳೆದು ಒಲೆ ಹೊತ್ತಿಸಿದಳು.

ಆ ಮೇಲೆಯೂ ಊರಿನಲ್ಲಿ ಕುಬುಸಗಳು, ತೊಟ್ಟಿಲುಗಳು ನಡೆದವು. ಹೋಳಿಗೆಗೆ ಅವಳನ್ನು ಈಗಲೂ ಕರೆಯುತ್ತಾರೆ, ಅವಳ ಹಾಗೆ ತೆಳ್ಳಗೆ ಲಟ್ಟಿಸುವವರು ಅಲ್ಲಿ ಇನ್ನೊಬ್ಬರಿಲ್ಲ. ಹೆಸರು ಹೇಳುವ ಹೊತ್ತಿಗೆ ಯಾರೂ ಅವಳನ್ನು ಪಡಸಾಲೆಗೆ ಕರೆಯುವುದಿಲ್ಲ. ಮೊಬೈಲಿನಲ್ಲಿ ನೂರಾರು ಒಡಪುಗಳು ಸಿಗುತ್ತವೆ, ಗಂಡನ ಹೆಸರಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಸೊಸೆಯಂದಿರು ಅದನ್ನು ನೋಡಿ ಓದುತ್ತಾರೆ. ಹಣಮವ್ವ ಹಂಚಿನ ಮುಂದೆ ಕುಳಿತು ಕೇಳಿಸಿಕೊಳ್ಳುತ್ತಾಳೆ. ಅವುಗಳಲ್ಲಿ ಗಂಡಂದಿರಿಗೆ ಕುಂದೇ ಇರುವುದಿಲ್ಲ.

ಅದು ಮುಂದಿನ ಮಾತು. ಆ ಶನಿವಾರ ಬೆಳಿಗ್ಗೆ ಮಾಲಾ ಕಣ್ಣು ಮಾತ್ರ ಕಾಣುವಂತೆ ಓಡ್ನಿ ಸುತ್ತಿಕೊಂಡು, ಡಬ್ಬಿ ತೆಗೆದುಕೊಂಡು, ಹೋಗಿ ಬರುತ್ತೇನೆ ಎಂದು ಸಣ್ಣಗೆ ಹೇಳಿ ಹೊರಟಳು. ಹಣಮವ್ವ ಬಾಗಿಲವರೆಗೂ ಹೋಗಲಿಲ್ಲ. ಮಧ್ಯಾಹ್ನದ ರೊಟ್ಟಿಗೆ ಕುಳಿತಿದ್ದಳು, ಕೈ ತುಂಬ ಹಿಟ್ಟಿತ್ತು. ಏಳು ಐವತ್ತಕ್ಕೆ ಓಣಿಯ ತುದಿಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಮಗಳು ಹತ್ತಿದಳೋ, ಹತ್ತದೆ ಅಲ್ಲೇ ನಿಂತಳೋ, ಒಳಗಿನಿಂದ ಗೊತ್ತಾಗುವ ಹಾಗಿರಲಿಲ್ಲ. ಹತ್ತಿಲ್ಲದಿದ್ದರೆ ಎಂಟರೊಳಗೆ ಬಾಗಿಲಿಗೆ ಬರುತ್ತಾಳೆ ಎಂದು ಲೆಕ್ಕ ಹಾಕಿದಳು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿದಳು. ಎಂಟಾಯಿತು. ಎಂಟೂಕಾಲಾಯಿತು. ಬಾಗಿಲಿಗೆ ಯಾರೂ ಬರಲಿಲ್ಲ.

ಹಣಮವ್ವ ಮುಂದಿನ ಉಂಡಿ ಮಾಡಿ ತಟ್ಟತೊಡಗಿದಳು.